ಮಾವಿನ ಮರದಲ್ಲಿ ನನ್ನ ಚಪ್ಪಲಿ

ಸಾವಿತ್ರಕ್ಕ, ನಿಮ್ಮ ಮಾವಿನ ಮರಕ್ಕೆ ಯಾರ ಕಣ್ಣೂ ಬಿದ್ದಿರಲಿಲ್ಲ. ಅದನ್ನು ಕೆಡಿಸಿದವನು ನಾನು — ನಿಮ್ಮ ಬೇಲಿಯಾಚೆಯ ವಿಜ್ಞಾನದ ಮಾಸ್ತರ. ಕೆಡಿಸಿದ ಮೇಲೆ ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟೇ ಆಗಿದ್ದರೆ ಹೇಗೋ — ನಿಮ್ಮ ನಾದಿನಿ ತುಳಸಿಯ ತಲೆಗೆ ಆ ತಪ್ಪನ್ನು ಕಟ್ಟುವುದಕ್ಕೂ ಕೈಜೋಡಿಸಿದೆ.

ಮೊದಲಿನಿಂದ ಹೇಳುತ್ತೇನೆ. ಎಲ್ಲಕ್ಕೂ ಮೂಲ ನನ್ನದೊಂದು ಪ್ಯಾಂಟು.

ವರ್ಗವಾಗಿ ಗಣೇಶಗುಡಿಗೆ ಬಂದು ನಿಮ್ಮ ಪಕ್ಕದ ಮನೆ ಹಿಡಿದಾಗ ಬಟ್ಟೆ ಒಣಗಿಸಲು ನನಗೆ ಜಾಗವಿರಲಿಲ್ಲ. ಹಗ್ಗದ ಒಂದು ತುದಿಯನ್ನು ನಮ್ಮ ಮಾವಿಗೆ ಕಟ್ಟಿಕೊಳ್ಳಿ ಎಂದವರು ನೀವೇ. ಆ ಮರದಲ್ಲಿ ಎಲೆಗಳನ್ನು ಸೇರಿಸಿ ಹೊಲಿದು ಗೂಡು ಮಾಡುವ ಕೆಂಪಿರುವೆಗಳ ದೊಡ್ಡ ಸಂಸಾರವಿತ್ತು. ನಿಮಗೆ ಅವು ಕೊಟ್ಟಿಗೆಯ ಎಮ್ಮೆಯಷ್ಟೇ ಸ್ವಂತ. ವರ್ಷಕ್ಕೆ ಒಂದೆರಡು ಗೂಡು ಇಳಿಸಿ ಉಪ್ಪು, ಮೆಣಸಿನಕಾಯಿ ಹಾಕಿ ಚಟ್ನಿ ಅರೆಯುತ್ತಿದ್ದಿರಿ, ಉಳಿದವನ್ನು ಮುಟ್ಟುತ್ತಿರಲಿಲ್ಲ. ನನಗೆ ನೆಗಡಿಯಾದಾಗಲೆಲ್ಲ ಆ ಚಟ್ನಿಯ ಬಟ್ಟಲು ಬೇಲಿ ದಾಟಿ ಬರುತ್ತಿತ್ತು. ಕಣ್ಣಲ್ಲಿ ನೀರು ಸುರಿಸುತ್ತ ತಿಂದು ಬಟ್ಟಲು ನೆಕ್ಕಿದ್ದೇನೆ.

ಆದರೆ ಇರುವೆಗಳಿಗೆ ಹಗ್ಗವೆಂದರೆ ರಸ್ತೆ. ಆ ರಸ್ತೆಯಲ್ಲಿ ನನ್ನ ಬಿಳಿ ಪ್ಯಾಂಟು ಒಂದು ತಂಗುದಾಣವಾಗಿದೆ ಎಂಬುದು ನನಗೆ ತಿಳಿದದ್ದು ಗಣರಾಜ್ಯೋತ್ಸವದ ಬೆಳಿಗ್ಗೆ, ಧ್ವಜ ಏರಿ ರಾಷ್ಟ್ರಗೀತೆ ಶುರುವಾದ ಮೇಲೆ. ಅಲುಗಾಡುವಂತಿಲ್ಲ. ಮೊಣಕಾಲಿನ ಹತ್ತಿರ ಒಂದು ಕಚ್ಚಿತು. ಆಮೇಲೆ ಇನ್ನೂ ಮೇಲೆ — ಎಲ್ಲಿ ಎಂದು ಬರೆಯಲಾರೆ. ಇಡೀ ಶಾಲೆಯ ಎದುರು ನೆಟ್ಟಗೆ ನಿಂತು ನಾನು ಅಳುತ್ತಿದ್ದೆ. ಗೀತೆ ಮುಗಿದದ್ದೇ ಊರ ಹಿರಿಯರೊಬ್ಬರು ಬಂದು ನನ್ನ ಕೈ ಹಿಡಿದು, "ದೇಶಭಕ್ತಿ ಅಂದ್ರ ಹಿಂಗಿರಬೇಕ್ರಿ ಮಾಸ್ತರ" ಎಂದರು. ನಾನು ಬೇಗಬೇಗ ಕೈ ಬಿಡಿಸಿಕೊಂಡು ಶೌಚಾಲಯಕ್ಕೆ ಓಡಿದೆ.

ಹಗ್ಗ ಬಿಚ್ಚಿ ಬೇರೆ ಕಡೆ ಕಟ್ಟಿದ್ದರೆ ಮುಗಿಯುತ್ತಿತ್ತು. ಅಷ್ಟು ಸಣ್ಣ ಉಪಾಯ — ಸಿಟ್ಟಿನಲ್ಲಿ ಹೊಳೆಯಲೇ ಇಲ್ಲ. ನೀವು ಯಜಮಾನರನ್ನು ನೋಡಲು ಕ್ಯಾಸಲ್‌ರಾಕ್‌ಗೆ ಹೋಗಿದ್ದಿರಿ. ಅವರ ರೈಲ್ವೆ ಕೆಲಸ ಅಲ್ಲಿಯೇ ತಾನೆ. ಮರುದಿನ ಮಧ್ಯಾಹ್ನ, ಮಾವು ಕೀಳುವ ದೋಟಿಯ ತುದಿಗೆ ಹರಕು ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಗೂಡುಗಳನ್ನು ಒಂದೊಂದಾಗಿ ಸುಟ್ಟುಬಿಟ್ಟೆ. ದೋಟಿಯೂ ನಿಮ್ಮದೇ. ಅದರ ತುದಿ ಯಾಕೆ ಕಪ್ಪಾಗಿದೆ ಎಂದು ನೀವು ಆಮೇಲೆ ಕೇಳಿದಾಗ, "ಬಿದಿರು ಹಳೇದಾದ್ರ ಹಂಗ ಆಗ್ತೈತ್ರಿ" ಎಂದೆ. ನೀವು ನಂಬಿದಿರಿ. ಮಾಸ್ತರ ಹೇಳಿದ ಮೇಲೆ ನಂಬದೆ ಏನು ಮಾಡುತ್ತೀರಿ?

ಅದೇ ವಾರ — ನಗಬೇಡಿ — ಏಳನೇ ತರಗತಿಗೆ ನನ್ನ ಪಾಠ ಪರಿಸರ ವ್ಯವಸ್ಥೆ. ಹಲಗೆಯ ಮೇಲೆ ಒಂದು ಮರ ಬರೆದೆ; ಅದರ ರಸ ಹೀರುವ ಹುಳ, ಹುಳವನ್ನು ಹಿಡಿಯುವ ಇರುವೆ, ಇರುವೆಯ ಮೊಟ್ಟೆಗೆ ಬಾಯಿ ಹಾಕುವ ಹಕ್ಕಿ, ನಡುವೆ ಬಾಣಗಳು. ಯಾವ ಜೀವವೂ ಒಂಟಿಯಾಗಿ ಬದುಕುವುದಿಲ್ಲ, ಒಂದನ್ನು ತೆಗೆದರೆ ಪೆಟ್ಟು ಇನ್ನೆಲ್ಲೋ ಹೋಗಿ ಬೀಳುತ್ತದೆ ಎಂದು ವಿವರಿಸಿ, ಡಸ್ಟರಿನಿಂದ ಇರುವೆಯನ್ನು ಒರೆಸಿ, "ಈಗ ಏನಾಗ್ತೈತಿ?" ಎಂದು ಕೇಳಿದೆ. "ಹುಳಾ ಹೆಚ್ಚಾಗಿ ಗಿಡಾ ಕೆಡ್ತೈತ್ರಿ ಸರ್!" ಎಂದು ಇಡೀ ತರಗತಿ ಕೂಗಿತು. ಶಭಾಷ್ ಎಂದೆ. ಎಂದ ಮೇಲೆ — ಡಸ್ಟರ್ ಹಿಡಿದ ಕೈ ಹಾಗೆಯೇ ನಿಂತಿತು.

ಮಕ್ಕಳು ಹೇಳಿದ್ದೇ ಆಯಿತು. ಮಾವಿನ ಹೂವಿಗೆ ಜಿಗಿಹುಳ ಮುತ್ತಿತು. ಹಿಡಿಯುವವರಿಲ್ಲ, ನೆಮ್ಮದಿಯಿಂದ ರಸ ಹೀರಿತು. ಎಲೆಗಳ ಮೇಲೆ ಅಂಟು ಸುರಿದು, ಅಂಟಿನ ಮೇಲೆ ಕಪ್ಪು ಮಸಿ ಕಟ್ಟಿತು. ಉಪ್ಪಿನಕಾಯಿಗೆಂದು ಒಂದು ಮಿಡಿಯೂ ನಿಲ್ಲಲಿಲ್ಲ. ಪ್ರತಿ ವರ್ಷ ಮಿಡಿ ಇಳಿಸುವ ಹೊತ್ತಿಗೆ ತುಳಸಿ ಹಳಿಯಾಳದಿಂದ ಮೆಣಸಿನಕಾಯಿಯ ಗಂಟು ಹೊತ್ತು ಬರುತ್ತಿದ್ದಳು. ನೀವಿಬ್ಬರೂ ಕಟ್ಟೆಯ ಮೇಲೆ ಕೂತು ಮಿಡಿ ಒರೆಸುತ್ತ ಯಾರನ್ನೋ ಆಡಿಕೊಂಡು ನಗುವುದು ನನ್ನ ಕಿಟಕಿಗೆ ಕೇಳುತ್ತಿತ್ತು. ಎಷ್ಟೋ ಸಲ ಆಡಿಕೊಂಡದ್ದು ನನ್ನನ್ನೇ. ಆ ವರ್ಷ ಸಂಕ್ರಾಂತಿಗೆ ಬಂದವಳು ಮರವನ್ನು ನೋಡಿ, "ಎಷ್ಟ್ ಚಂದ ಹೂವು ಬಿಟ್ಟೈತಿ ವೈನಿ!" ಎಂದಿದ್ದಳಂತೆ.

ನೀವು ಬೇಲಿಯ ಹತ್ತಿರ ಬಂದು ನನ್ನನ್ನೇ ಕೇಳಿದಿರಿ: "ಮಾಸ್ತರ, ನೀವು ಕಲತವ್ರು. ಖರೇ ಹೇಳ್ರಿ, ಕಣ್ಣು ಬೀಳೂದು ಅಂತ ಇರ್ತೈತೇನು?"

ಶಾಲೆಯಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಬಿಗಿಯುವವನು ನಾನೇ. ಆ ದಿನ ಅದೇ ಬಾಯಿಂದ, "ಇರಬಹುದ್ರಿ ಅಕ್ಕಾರ. ಇಲ್ಲ ಅನ್ನಾಕ ಬರೂದಿಲ್ಲ" ಎಂದೆ.

ದೃಷ್ಟಿಗೆ ಕಟ್ಟಲು ಒಂದು ಹಳೆಯ ಚಪ್ಪಲಿ ಕೇಳಿದಿರಿ. ಕೊಟ್ಟೆ. ನನ್ನ ಎಡಗಾಲಿನ ಚಪ್ಪಲಿ ಅಂದಿನಿಂದ ನನ್ನ ಬಾಗಿಲಿಗೆ ಎದುರಾಗಿ ತೂಗುತ್ತಿದೆ. ಬೆಳಿಗ್ಗೆ ಹಲ್ಲುಜ್ಜಲು ಹೊರಗೆ ಬಂದರೆ ಮೊದಲು ಅದರದೇ ದರ್ಶನ. ಅವಳ ಕಣ್ಣೇ ಬಿದ್ದದ್ದೆಂದು ನೀವು ತುಳಸಿಗೆ, ಬರಬೇಡ ಎಂದು ಹೇಳಿ ಕಳಿಸಿದಿರಿ.

ಗುಟ್ಟಾಗಿ ಸರಿಪಡಿಸಲೂ ನೋಡಿದೆ. ಕುಂಬಾರವಾಡದ ಪರಿಚಯದವರ ಗೇರು ಮರದಿಂದ ಕೆಂಪಿರುವೆಯ ಗೂಡುಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ. "ಚೀಲದಾಗ ಏನೈತ್ರಿ ಮಾಸ್ತರ?" ಎಂದ ಕಂಡಕ್ಟರ್. "ಪಾಠದ ಸಾಮಾನ್ರಿ" ಎಂದೆ. ಒಂದೆರಡು ತಿರುವು ದಾಟುವಷ್ಟರಲ್ಲಿ ಪಾಠದ ಸಾಮಾನು ಚೀಲದ ಹೊಲಿಗೆಯ ಸಂದಿಯಿಂದ ಹೊರಬಿತ್ತು. ಜನ ಸೀಟಿನ ಮೇಲೆ ಹತ್ತಿ ಕುಣಿದರು. ಒಬ್ಬ ಅಜ್ಜ ಧೋತರ ಕೊಡವುತ್ತ ನನ್ನ ವಂಶವನ್ನೆಲ್ಲ ನೆನೆದ. ಸಂಜೆಯ ತನಕ ಇನ್ನೊಂದು ಬಸ್ಸಿಲ್ಲ, ಹಾಗಾಗಿ ಯಾರೂ ಇಳಿಯಲಿಲ್ಲ. ನನ್ನನ್ನೂ ಚೀಲವನ್ನೂ ಇಳಿಸಿದರು. ಯಾವುದೋ ಲಾರಿ ಹಿಡಿದು ಬಂದು, ಉಳಿದಷ್ಟನ್ನು ನಿಮ್ಮ ಮರಕ್ಕೆ ಬಿಟ್ಟೆ. ರಾಣಿಯಿಲ್ಲದ ಗೂಡು ಬಾಳುವುದಿಲ್ಲ — ಅದೂ ನನಗೆ ಗೊತ್ತಿದ್ದದ್ದೇ. ಕೆಲವು ವಾರಗಳಲ್ಲಿ ಅವೂ ಹೋದವು.

ಈಗ, ಕೆಲವು ವರ್ಷಗಳಾದ ಮೇಲೆ, ಕಾಡಿನ ಕಡೆಯಿಂದ ಕೆಂಪಿರುವೆಗಳು ತಾವಾಗಿಯೇ ಮತ್ತೆ ಬಂದಿವೆ. ಮರ ಮಿಡಿ ಬಿಡುತ್ತಿದೆ. ನೀವು ಮಾತ್ರ ಬಂದವರಿಗೆಲ್ಲ ಚಪ್ಪಲಿಯನ್ನು ತೋರಿಸಿ, "ಮಾಸ್ತರ ಕಾಲಗುಣ ನೋಡ್ರಿ!" ಎನ್ನುತ್ತೀರಿ. ನಾನು ಒಳಗೆ ಹೋಗಿ ರೇಡಿಯೋ ಜೋರು ಮಾಡುತ್ತೇನೆ. ಇರುವೆಗಳು ಬಂದವು, ತುಳಸಿ ಬರಲಿಲ್ಲ.

ಮೊನ್ನೆ ಹಳಿಯಾಳದ ಪೇಟೆಯಲ್ಲಿ ಅವಳು ಸಿಕ್ಕಳು. ಮಗಳ ಮದುವೆಗೆ ಸೀರೆ ತೆಗೆಯಲು ಬಂದಿದ್ದಳು. "ವೈನಿ ಆರಾಮ ಅದಾರೇನ್ರಿ?" ಎಂದಳು. ಆಮೇಲೆ ಅಂದಳು: "ನಾ ಈಗ ಏನ್ ನೋಡಿದ್ರೂ ಚಂದ ಐತಿ ಅನ್ನಂಗಿಲ್ರಿ ಮಾಸ್ತರ. ಮಗಳು ಸೀರಿ ಹೆಗಲಮ್ಯಾಲ ಹಾಕ್ಕೊಂಡು, ಹೆಂಗ ಕಾಣ್ತೈತಿ ಅವ್ವಾ ಅಂದ್ಲು. ನಾ ಆ ಕಡಿ ಮುಖಾ ಮಾಡಿದ್ನಿ."

ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟುಬಿಟ್ಟೆ. ಊರಿಗೆ ಬಂದು, ಮದುವೆಗೆ ಹೋಗುವುದಿಲ್ಲವೇ ಎಂದು ನಿಮ್ಮನ್ನು ಕೇಳಿದರೆ, "ಕಣ್ಣು ಬೀಳೂದು ಇರ್ತೈತಿ ಅಂತ ನೀವ ಹೇಳಿದ್ರಲ್ಲ ಮಾಸ್ತರ. ಹೆಂಗ ಹೋಗ್ಲಿ?" ಎಂದಿರಿ.

ಇರುವೆಯನ್ನು ಒರೆಸಿದರೆ ಪೆಟ್ಟು ಹುಳದ ದಾರಿಯಿಂದ ಮರಕ್ಕೆ ತಗಲುತ್ತದೆ ಎಂದು ಹಲಗೆಯ ಮೇಲೆ ಬಾಣ ಎಳೆದವನು ನಾನು. ಆ ಬಾಣ ಒಬ್ಬ ಹುಡುಗಿಯ ಮದುವೆ ಸೀರೆಯ ತನಕ ಹೋದೀತೆಂದು ಯೋಚಿಸಿರಲಿಲ್ಲ. ನಾಚಿಕೆಯಾಗುತ್ತದೆ, ಸಾವಿತ್ರಕ್ಕ. ಸಿಟ್ಟಿನಲ್ಲಿ ಸುಟ್ಟದ್ದು ಒಂದು ಮಧ್ಯಾಹ್ನದ ಮಾತು; ಸುಮ್ಮನಿದ್ದದ್ದು ಇಷ್ಟು ವರ್ಷ.

ನಾಳೆ ಬೆಳಿಗ್ಗೆ ನಿಮ್ಮ ದೋಟಿ ಕೇಳಲು ಬರುತ್ತೇನೆ, ಆ ಕಪ್ಪು ತುದಿಯದೇ. ಗೂಡುಗಳಿಗೆ ತಾಗದ ಹಾಗೆ ಚಪ್ಪಲಿಯನ್ನು ಇಳಿಸುತ್ತೇನೆ. ಆಮೇಲೆ ಹಳಿಯಾಳಕ್ಕೆ ಹೋಗಿ ತುಳಸಿಗೂ ಇದನ್ನೆಲ್ಲ ಹೇಳಿ, ಬಂದರೆ ಕರೆದುಕೊಂಡು ಬರುತ್ತೇನೆ. ಚಪ್ಪಲಿಯನ್ನು ಕಟ್ಟೆಯ ಮೇಲೆ ನಿಮ್ಮಿಬ್ಬರ ನಡುವೆ ಇಡುತ್ತೇನೆ. ಅದರಿಂದ ನನಗೆ ಏನು ಮಾಡಬೇಕೆಂದು ನೀವಿಬ್ಬರೂ ಕೂತು ಮಾತಾಡಿಕೊಳ್ಳಿ. ಅಲ್ಲಿಯ ತನಕ ನಾನು ಮರದ ಕೆಳಗೆ ಅಲುಗಾಡದೆ ನಿಂತಿರುತ್ತೇನೆ.