ತಿಳಿಯಿತೆಂದು ತಲೆಯಾಡಿಸಿದ್ದು

ಅವರ ಹೆಜ್ಜೆಗಳೆಲ್ಲ ಒಂದೇ ಅಳತೆಯವು. ಮೊಳಕಾಲ್ಮೂರಿನ ಪೇಟೆ ಬೀದಿಯಲ್ಲಿ ಎತ್ತಿನ ಗಾಡಿ ಅಡ್ಡ ಬಂದರೂ, ಗುರುತಿನವರು ಎದುರಾದರೂ ಆ ಹೆಜ್ಜೆ ಹಿಗ್ಗುತ್ತಿರಲಿಲ್ಲ, ಕುಗ್ಗುತ್ತಿರಲಿಲ್ಲ. ಎರಡೂವರೆ ಅಡಿಗೊಂದರಂತೆ ಬೀಳುತ್ತಿತ್ತು. ನಡೆಯುವಾಗ ತುಟಿ ಸಣ್ಣಗೆ ಅಲುಗುತ್ತಿತ್ತು. ಜಪ ಮಾಡುತ್ತಾರೆಂದು ನಮ್ಮ ಬೀದಿಯ ಹೆಂಗಸರು ತಿಳಿದಿದ್ದರು. ನಿಜವಾಗಿ ಅವರು ಎಣಿಸುತ್ತಿದ್ದದ್ದು ತಮ್ಮ ಹೆಜ್ಜೆಗಳನ್ನು. ನಮ್ಮ ಮನೆಯ ಬಾಗಿಲಿನಿಂದ ಕೆರೆಯ ಏರಿಗೆ ಎಷ್ಟು ದೂರವೆಂದು ಯಾರಾದರೂ ಕೇಳಿದರೆ ತಡವರಿಸದೆ ಹೇಳುತ್ತಿದ್ದರು.

ನಮ್ಮ ಮನೆಯಲ್ಲಿ ಅವರ ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ಊರು ಚಳ್ಳಕೆರೆಯಾದ್ದರಿಂದ ಎಲ್ಲರಿಗೂ ಅವರು ‘ಚಳ್ಳಕೆರೆಯವರು’. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮ್ಮಣ್ಣನಿಗಿಂತ ಎರಡು ತರಗತಿ ಮುಂದಿದ್ದರು. ಅವರದು ಕಂಬಳಿ ನೇಯುವ ಮನೆ, ನಮ್ಮದು ಬೇಸಾಯದ ಮನೆ. ಅವರ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವರು ಮೊದಲನೆಯವರು, ನಮ್ಮ ಮನೆಯಿಂದ ನಮ್ಮಣ್ಣ ಮೊದಲನೆಯವನು.

ನಮ್ಮಣ್ಣ ಮೊದಲ ವರ್ಷ ಬರೆಯುತ್ತಿದ್ದ ಕಾಗದಗಳಲ್ಲಿ ಕಾಲೇಜಿನ ವಿಷಯಕ್ಕಿಂತ ಇವರ ವಿಷಯವೇ ಹೆಚ್ಚಾಗಿರುತ್ತಿತ್ತು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಕಡೆಯ ಹುಡುಗರು ಬಾಯಿ ತೆರೆದರೆ ಪಟ್ಟಣದ ಹುಡುಗರು ನಗುತ್ತಿದ್ದರು. ರಾಂಪುರದವನೊಬ್ಬನಿದ್ದ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತು ಬಂದವನು. ತಿಂಗಳುಗಟ್ಟಲೆ ತರಗತಿಯಲ್ಲಿ ಒಂದು ಮಾತೂ ಆಡಿರಲಿಲ್ಲವಂತೆ. ಚಳ್ಳಕೆರೆಯವರು ಇಂಥವರನ್ನು ಹುಡುಕಿ ಹುಡುಕಿ ತಂದು, ಸಂಜೆ ವಿದ್ಯಾರ್ಥಿನಿಲಯದ ಹಿಂದಿನ ಮೆಟ್ಟಿಲ ಮೇಲೆ ಕೂರಿಸಿಕೊಳ್ಳುತ್ತಿದ್ದರು. ತಾವೇ ಎಲ್ಲವನ್ನೂ ಹೇಳಿಕೊಡುತ್ತಿರಲಿಲ್ಲ. ಇವತ್ತು ಕಲಿತವನು ನಾಳೆ ಇನ್ನೊಬ್ಬನಿಗೆ ಕಲಿಸಬೇಕು ಎಂಬುದು ಆ ಮೆಟ್ಟಿಲುಗಳ ಕಟ್ಟಳೆ.

ಓದುವುದಷ್ಟೇ ಸಾಲದೆಂದು ಆಟದ ಮೈದಾನಕ್ಕೆ ಗೆರೆ ಎಳೆಯುವ ಕೆಲಸವನ್ನು ಕಾಲೇಜಿನವರಿಂದ ಕೇಳಿ ಪಡೆದಿದ್ದರು. ಹಗ್ಗ, ಗೂಟ, ಸುಣ್ಣ ಹಿಡಿದು ಈ ಹುಡುಗರು ಮೈದಾನದ ನಾಲ್ಕು ಮೂಲೆ ಸರಿಯಾಗಿ ಕೂರಿಸುವಷ್ಟರಲ್ಲಿ ಸರ್ವೆ ಪುಸ್ತಕದ ಅರ್ಧ ಅಧ್ಯಾಯ ಮುಗಿದಿರುತ್ತಿತ್ತು. ನಕ್ಕ ಹುಡುಗರೇ ಆಮೇಲೆ ಆ ಗೆರೆಗಳ ಒಳಗೆ ಆಡಬೇಕಾಗುತ್ತಿತ್ತು. ಒಮ್ಮೆ ರಾಂಪುರದವನನ್ನು ಚರ್ಚಾಕೂಟದ ವೇದಿಕೆ ಹತ್ತಿಸಿದರು. ಅವನು ಬಾಯಿಪಾಠ ಮಾಡಿದ್ದೆಲ್ಲ ಮರೆತು, ಸುಮ್ಮನೆ ನಿಂತು, ಇಳಿದು ಬಂದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಇವರು.

“ಎರಡು ನಿಮಿಷ ನಿಂತಿದ್ದೆ ಕಣಲೇ. ಹೋದ ತಿಂಗಳು ಅಷ್ಟೂ ನಿಲ್ತಿರಲಿಲ್ಲ,” ಅಂದರಂತೆ. “ಬರೋ ತಿಂಗಳು ನಮಸ್ಕಾರ ಅಂತ ಅಂದು ಇಳಿ. ಸಾಕು.”

ಎರಡನೆಯ ವರ್ಷ ನಮ್ಮಣ್ಣ ಸರ್ವೆಯ ಪರೀಕ್ಷೆಯಲ್ಲಿ ತಪ್ಪಿದ. ರಾಂಪುರದವನೂ ತಪ್ಪಿದ. ಬೇಸಿಗೆ ರಜೆ ಕಳೆದ ಮೇಲೆ ಇನ್ನೊಮ್ಮೆ ಬರೆಯಬಹುದಿತ್ತು; ಆಗಲೂ ತಪ್ಪಿದರೆ ಕಾಲೇಜಿನ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ ಎಂದು ಕಾಗದ ಬಂತು. ಅಪ್ಪ ಅದನ್ನು ನನ್ನ ಕೈಲಿ ಎರಡು ಸಲ ಓದಿಸಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಹೊಲಕ್ಕೆ ಹೋದರು. ಅದಾದ ಎಂಟು ದಿನಕ್ಕೆ ಚಳ್ಳಕೆರೆಯ ಕಡೆಯಿಂದ ಒಂದು ಗಾಡಿ ಬಂದು ನಮ್ಮ ಮನೆಯ ಮುಂದೆ ನಿಂತಿತು. ಇವರು ಇಳಿದರು, ರಾಂಪುರದವನು ಇಳಿದ. ಆಮೇಲೆ ಕಂಬಳಿಯಲ್ಲಿ ಸುತ್ತಿದ ಒಂದು ಯಂತ್ರವನ್ನು ಇಬ್ಬರೂ ಸೇರಿ ಕೂಸನ್ನು ಇಳಿಸುವಂತೆ ಇಳಿಸಿದರು.

ಅದು ನೆಲದ ಏರುತಗ್ಗು ಅಳೆಯುವ ಮಟ್ಟದ ಯಂತ್ರ. ಮೂರು ಕಾಲು, ಮೇಲೊಂದು ದುರ್ಬೀನು. ಚಳ್ಳಕೆರೆಯ ಓವರ್‌ಸಿಯರರೊಬ್ಬರನ್ನು ಕಾಡಿ ಬೇಡಿ ತಂದದ್ದು. ದೂರದಲ್ಲಿ ಒಬ್ಬ ಅಂಕಿ ಬರೆದ ಉದ್ದನೆಯ ಕೋಲು ಹಿಡಿದು ನಿಲ್ಲಬೇಕು; ಇನ್ನೊಬ್ಬ ದುರ್ಬೀನಿನಲ್ಲಿ ನೋಡಿ ಆ ಅಂಕಿ ಓದಬೇಕು. ನನಗೂ ಒಮ್ಮೆ ನೋಡಲು ಬಿಟ್ಟರು. ಅದರೊಳಗೆ ಎಲ್ಲವೂ ತಲೆಕೆಳಗು. ನಮ್ಮಣ್ಣ ಕೆರೆಯ ಏರಿಯಿಂದ ಬಾವಲಿಯಂತೆ ನೇತಾಡುತ್ತಿದ್ದ.

ಅವರು ನಮ್ಮಲ್ಲಿ ಹದಿನೈದು ದಿನವಿದ್ದರು. ಬೆಳಗ್ಗೆ ಬಿಸಿಲೇರುವ ತನಕ ಕೆರೆಯ ಹತ್ತಿರ ಅಳತೆ, ಮಧ್ಯಾಹ್ನ ಜಗಲಿಯಲ್ಲಿ ನಕ್ಷೆ, ಸಂಜೆ ಅವತ್ತು ಕಲಿತದ್ದನ್ನು ಒಪ್ಪಿಸುವುದು. ಒಪ್ಪಿಸುವುದು ಚಳ್ಳಕೆರೆಯವರಿಗಲ್ಲ, ಏನೂ ಗೊತ್ತಿಲ್ಲದ ಒಬ್ಬರಿಗೆ. ಅಂಥವರು ಯಾರಿದ್ದಾರೆಂದು ಮನೆಯನ್ನೆಲ್ಲ ಒಂದು ಸುತ್ತು ನೋಡಿ ನನ್ನನ್ನು ಆರಿಸಿದರು. ನನಗೆ ಆಗ ಹದಿಮೂರು. ಊರಿನ ಶಾಲೆಯಲ್ಲಿ ಕಲಿಯುವಷ್ಟು ಕಲಿತು ಮನೆಯಲ್ಲಿ ಕೂತಿದ್ದೆ.

ಅವ್ವನಿಗೆ ಇದು ಸರಿಬರಲಿಲ್ಲ. “ಹೆಣ್ಣುಡುಗಿ ಗಂಡುಡುಗರ ಮುಂದೆ ಕೂತು ಏನ್ ಕಲಿಯೋದೈತೆ?”

“ಅವಳು ಕಲೀಲಿ ಅಂತಲ್ಲ ಅವ್ವಾ. ಇವರು ಕಲ್ತಿದಾರೋ ಇಲ್ವೋ ಅಂತ ನೋಡೋಕೆ,” ಅಂದರು. “ಗೊತ್ತಿಲ್ದೋರಿಗೆ ಹೇಳೋಕೆ ಹೋದಾಗ್ಲೇ ನಮಗೆ ಎಷ್ಟು ಗೊತ್ತೈತೆ ಅನ್ನೋದು ಬಯಲಾಗೋದು.”

“ಅಂದ್ರೆ ನನ್ ಮಗಳು ದಡ್ಡಿ ಅಂತ ಕೂರಿಸ್ತೀಯಾ?”

“ಊರಲ್ಲಿ ಎಲ್ಲರೂ ಜಾಣರಾದ್ರೆ ನಾವು ಪಾಠ ಹೇಳೋದು ಯಾರಿಗವ್ವಾ?”

ಅವ್ವ ನಕ್ಕುಬಿಟ್ಟಳು. ನಾನು ಕಂಬದ ಪಕ್ಕ ಕೂತೆ. ನನ್ನ ಕೆಲಸ ಇಷ್ಟೇ. ತಿಳಿದರೆ ತಲೆಯಾಡಿಸಬೇಕು, ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಬೇಕು. ನಾನು ತಲೆಯಾಡಿಸಿದರೆ ಅವರು ತಮ್ಮ ಪುಸ್ತಕದಲ್ಲಿ ಆ ಪಾಠದ ಮುಂದೆ ಒಂದು ಗೀಟು ಎಳೆಯುತ್ತಿದ್ದರು. ಇಲ್ಲವೆಂದರೆ ಹೇಳಿದವನು ಬೇರೆ ದಾರಿಯಿಂದ ಮತ್ತೆ ಹೇಳಬೇಕು. ರಾಂಪುರದವನಿಗೆ ನಾನು ಮೊದಲ ದಿನವೇ ನಾಲ್ಕು ಸಲ ತಿಳಿಯಲಿಲ್ಲ ಎಂದೆ. ಅವನು ಅವ್ವನ ಮೊರದಿಂದ ಕಡಲೆ ಕಾಳು ತಂದು ನೆಲದ ಮೇಲೆ ಸಾಲಿಟ್ಟು, ನಡುನಡುವೆ ತೆಲುಗಿಗೆ ಜಾರಿ, ಬೆವರೊರೆಸಿಕೊಂಡು, ಕೊನೆಗೆ ತಿಳಿಯುವಂತೆ ಹೇಳಿದ. ಆಮೇಲೆ ಕಾಳನ್ನೆಲ್ಲ ತಿಂದ.

ಐದನೆಯ ಸಂಜೆ ನಮ್ಮಣ್ಣನ ಸರದಿ. ಯಂತ್ರದಿಂದ ನೋಡಿದಾಗ ಕೋಲಿನ ಮೇಲೆ ಹೆಚ್ಚು ಅಂಕಿ ಕಂಡರೆ ಆ ಜಾಗ ತಗ್ಗು, ಕಡಿಮೆ ಕಂಡರೆ ಏರು. ಇದು ಯಾಕೆ ಎಂದು ಅವನು ಹೇಳಬೇಕಿತ್ತು. ಅವತ್ತು ಅಪ್ಪನೂ ಬೇಗ ಬಂದು ಜಗಲಿಯ ತುದಿಯಲ್ಲಿ ಕೂತಿದ್ದರು. ನಮ್ಮಣ್ಣ ಪುಸ್ತಕದ ಇಂಗ್ಲಿಷ್ ವಾಕ್ಯವನ್ನು ಗಡಗಡನೆ ಹೇಳಿ, ಅದನ್ನೇ ಕನ್ನಡದಲ್ಲಿ ಹೇಳಿ ನಿಲ್ಲಿಸಿದ. ಕಿವಿ ಕೆಂಪಾಗಿತ್ತು. ನನಗೆ ಒಂದಕ್ಷರವೂ ತಿಳಿದಿರಲಿಲ್ಲ. ಹೆಚ್ಚು ಅಂದರೆ ಏರು ಎಂದಲ್ಲವೇ ಯಾರಾದರೂ ತಿಳಿಯುವುದು? ನಮ್ಮಣ್ಣ ನನ್ನ ಮುಖ ನೋಡಿದ. ಅಪ್ಪ ಅವನ ಮುಖ ನೋಡುತ್ತಿದ್ದರು.

ನಾನು ತಲೆಯಾಡಿಸಿದೆ.

ಚಳ್ಳಕೆರೆಯವರು ನನ್ನನ್ನು ಸ್ವಲ್ಪ ಹೊತ್ತು ನೋಡಿ ಗೀಟು ಎಳೆದರು.

ಮರುದಿನ ಬೆಳಗ್ಗೆ ಕೆರೆಯ ತೂಬಿನಿಂದ ಒಂದು ಕಾಲುವೆ ಎಳೆಯುವುದಾದರೆ ಯಾವ ಕಡೆಗೆ ಎಳೆಯಬೇಕೆಂದು ಅಳೆದು ಹೇಳುವ ಕೆಲಸವನ್ನು ಅವರು ನಮ್ಮಣ್ಣನಿಗೆ ಬಿಟ್ಟರು. ಅವನು ಎರಡು ತಾಸು ಓಡಾಡಿ, ಅಂಕಿಗಳನ್ನು ಬರೆದು, ಲೆಕ್ಕ ಹಾಕಿ, ಗುಡ್ಡದ ಕಡೆಗೆ ಕೈ ತೋರಿಸಿದನಂತೆ. ಕೆರೆಯ ನೀರು ಬಿಡುವ ಮುದುಕ, ನಮ್ಮೂರ ನೀರುಗಂಟಿ, ಹತ್ತಿರದಲ್ಲೇ ಬೀಡಿ ಹಚ್ಚುತ್ತ ನಿಂತಿದ್ದ.

“ಸ್ವಾಮೀ, ಬೆಂಗ್ಳೂರಲ್ಲಿ ನೀರು ಮೇಲಕ್ಕೆ ಹರಿತೈತಾ?” ಅಂದ. “ನಮ್ ಕೆರೆ ನೀರಿಗೆ ಇನ್ನಾ ಆ ಇದ್ಯೆ ಬಂದಿಲ್ಲ. ನೀವು ಓದಿ ಬಂದ್ಮ್ಯಾಲೆ ಅದಕ್ಕೂ ಒಸಿ ಕಲಿಸ್ರಿ.”

ಏರಿಯ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದವರೆಲ್ಲ ನಕ್ಕರು. ಸುದ್ದಿ ನಮ್ಮಣ್ಣನಿಗಿಂತ ಮೊದಲು ಮನೆಗೆ ಬಂತು. ನಮ್ಮಣ್ಣ ಬಂದವನೇ ಪುಸ್ತಕಗಳನ್ನು ಟ್ರಂಕಿಗೆ ಹಾಕಿ, ಅವ್ವನ ಮುಂದೆ ನಿಂತು, “ನಾನಿನ್ನು ಹೋಗಲ್ಲ. ಅಪ್ಪನ ಜೊತೆ ಹೊಲಕ್ಕೇ ಹೋಗ್ತೀನಿ,” ಅಂದ. ಊಟ ಮಾಡಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಹಿತ್ತಲಿಗೆ ಹೋಗಿ ಕೂತರು.

ಮಧ್ಯಾಹ್ನ ಚಳ್ಳಕೆರೆಯವರು ನಾನು ರಾಗಿ ಹಸನು ಮಾಡುತ್ತಿದ್ದಲ್ಲಿಗೆ ಬಂದು, ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತರು.

“ತಂಗೀ, ನಿನ್ನೆ ನಿನಗೆ ತಿಳೀತಾ?”

ನಾನು ರಾಗಿಯಲ್ಲಿ ಕಲ್ಲು ಹುಡುಕಿದೆ. ಅವರು ಎದ್ದು ಹೋಗಲಿಲ್ಲ.

“ಇಲ್ಲ.”

“ಮತ್ಯಾಕೆ ತಲೆ ಆಡಿಸ್ದೆ?”

“ಅಪ್ಪ ಕೂತಿದ್ರು. ಅಣ್ಣಂಗೆ ನಾಚಿಕೆ ಆಗ್ತಿತ್ತು.”

“ಹೂಂ. ನಾಲ್ಕು ಜನರ ಮುಂದೆ ಆಗೋದು ತಪ್ತು. ನಲವತ್ತು ಜನರ ಮುಂದೆ ಆಯ್ತು.” ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಆಮೇಲೆ ಅಂದರು: “ನಿನ್ನ ಮುಖ ನೋಡಿದ ಕೂಡ್ಲೆ ನನಗೂ ಗೊತ್ತಾಗಿತ್ತು ತಂಗೀ. ಗೊತ್ತಿದ್ದೂ ಗೀಟು ಎಳೆದೆ. ನನಗೂ ನಿಮ್ಮಪ್ಪ ಕೂತಿದ್ದು ಕಾಣ್ತಿತ್ತು. ಇದರಲ್ಲಿ ನಂದೂ ಪಾಲೈತೆ. ಈಗ ಹೋಗಿ ಅವನಿಗೆ ಹೇಳೋದು ಮಾತ್ರ ನಿನ್ನ ಕೆಲಸ. ನಾನು ಹೇಳಿದ್ರೆ ಅವನು ಕೇಳಲ್ಲ.”

ನಮ್ಮಣ್ಣ ದನದ ಕೊಟ್ಟಿಗೆಯಲ್ಲಿ ಕಲ್ಲು ಬಾನಿಯ ಅಂಚಿನ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಅವನೊಂದಿಗೆ ಅಷ್ಟು ಕಷ್ಟದ ಮಾತನ್ನು ನಾನು ಅದುವರೆಗೆ ಆಡಿರಲಿಲ್ಲ.

“ಅಣ್ಣಾ, ನಿನ್ನೆ ನನಗೆ ತಿಳೀಲಿಲ್ಲ.”

“ನಿನ್ನೇನೇ ಬೊಗಳೋಕೆ ಏನಾಗಿತ್ತು?”

“ಈಗ ಹೇಳು.”

“ನನಗೇ ಗೊತ್ತಿಲ್ಲ. ಹೋಗು.”

ನಾನು ಹೋಗಲಿಲ್ಲ. ಅವನು ರೇಗುತ್ತಲೇ ಪುಸ್ತಕದ ವಾಕ್ಯ ಹೇಳಿದ. ತಿಳಿಯಲಿಲ್ಲ ಎಂದೆ. ಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದ. ತಿಳಿಯಲಿಲ್ಲ ಎಂದೆ. ಕೈಯಲ್ಲಿದ್ದ ಕಡ್ಡಿಯನ್ನು ಬೇಸರದಿಂದ ಬಾನಿಯೊಳಕ್ಕೆ ಎಸೆದ. ಬಾನಿಯಲ್ಲಿ ದನ ಕುಡಿದು ಬಿಟ್ಟ ನೀರಿತ್ತು. ತಳದಲ್ಲಿ ಒಂದು ಕಡೆ ಕೆಸರು ಗುಡ್ಡೆಯಾಗಿ ಕೂತಿತ್ತು. ಅವನು ಅದನ್ನೇ ನೋಡುತ್ತ ಕೂತ. ಆಮೇಲೆ ಕಡ್ಡಿಯನ್ನು ತೆಗೆದು ಗುಡ್ಡೆಯ ಮೇಲೆ ಊರಿದ, ಗೇಣಿನಷ್ಟು ಮುಳುಗಿತು. ಪಕ್ಕದ ಕುಳಿಯಲ್ಲಿ ಊರಿದ, ಮೊಳದಷ್ಟು ಮುಳುಗಿತು.

“ಇಲ್ನೋಡು,” ಅಂದ. ದನಿ ಬೇರೆಯಾಗಿತ್ತು. “ದುರ್ಬೀನಿನ ನೋಟ ಅನ್ನೋದು ಈ ನೀರಿನ ಮೇಲ್ಮೈ. ಎಲ್ಲಾ ಕಡೆ ಒಂದೇ ಮಟ್ಟ. ತಳ ಎಲ್ಲಿ ತಗ್ಗೋ ಅಲ್ಲಿ ಕಡ್ಡಿ ಹೆಚ್ಚು ಮುಳುಗ್ತೈತೆ. ಅಂಕಿ ಹೆಚ್ಚು.”

ಈ ಸಲ ನಾನು ತಲೆಯಾಡಿಸಲಿಲ್ಲ. ಕಡ್ಡಿ ಕಿತ್ತುಕೊಂಡು ನಾನೇ ಎರಡೂ ಕಡೆ ಊರಿ ನೋಡಿ, ಆಮೇಲೆ “ತಿಳೀತು” ಎಂದೆ.

ಅವನು ನನಗೆ ಹೇಳಿಕೊಟ್ಟನೋ, ತಾನು ಕಲಿತನೋ ಗೊತ್ತಿಲ್ಲ. ಟ್ರಂಕು ತೆರೆದು ಪುಸ್ತಕ ಹೊರಗೆ ತೆಗೆದ. ಮರುದಿನ ಮತ್ತೆ ತೂಬಿನಿಂದ ಅಳೆದು ಬೇರೆ ಕಡೆಗೆ ಕೈ ತೋರಿಸಿದಾಗ ನೀರುಗಂಟಿ, “ಈಗ ನೀರಿಗೂ ಒಪ್ಪಿಗೆ ಐತೆ,” ಅಂದನಂತೆ. ರಜೆ ಮುಗಿದ ಮೇಲೆ ನಮ್ಮಣ್ಣನೂ ರಾಂಪುರದವನೂ ತೇರ್ಗಡೆಯಾದರು. ಆ ವರ್ಷ ವಿದ್ಯಾರ್ಥಿನಿಲಯದ ಅಡುಗೆಮನೆಯ ಹಿಂದಿನ ಬಾನಿಯಲ್ಲಿ ಕಲ್ಲು ತುಂಬಿ ಕೆಳಗಿನ ತರಗತಿಯವರಿಗೆ ನಮ್ಮಣ್ಣ ಪಾಠ ಹೇಳುತ್ತಿದ್ದ. ಪಾತ್ರೆ ತೊಳೆಯುವವಳ ಕೈಲಿ ಬೈಸಿಕೊಳ್ಳುತ್ತಿದ್ದ.

ಆ ಬೇಸಿಗೆಯಲ್ಲಿ ನಮ್ಮ ಮನೆಯಿಂದ ಹೊರಡುವ ದಿನ ಚಳ್ಳಕೆರೆಯವರು ಅಪ್ಪನ ಹತ್ತಿರ ನನ್ನ ವಿಷಯ ಎತ್ತಿದ್ದು ನನಗೆ ಅವ್ವನಿಂದ ತಿಳಿಯಿತು. “ಯಜಮಾನ್ರೆ, ತಿಳೀಲಿಲ್ಲ ಅಂತ ಎದುರಿಗೆ ಅನ್ನೋ ಹುಡುಗರು ನಮ್ಮ ಕಾಲೇಜಿನಲ್ಲೇ ಕಡಿಮೆ. ಇವಳನ್ನ ಓದಿಸ್ರಿ,” ಅಂದರಂತೆ. ಅಪ್ಪ ಮನಸ್ಸು ಮಾಡಲು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಚಳ್ಳಕೆರೆಯವರಿಂದ ಮೂರು ಕಾಗದ ಬಂದಿದ್ದವು, ಮೂರರಲ್ಲೂ ಅದೇ ಮಾತು. ಕೊನೆಗೆ ನನ್ನನ್ನು ಬೆಂಗಳೂರಿನ ಸೋದರತ್ತೆಯ ಮನೆಯಲ್ಲಿ ಬಿಟ್ಟು ಹೈಸ್ಕೂಲಿಗೆ ಸೇರಿಸಿದರು. ಅಲ್ಲಿಂದ ಕಾಲೇಜು. ತರಗತಿಯಲ್ಲಿ ನಾನು ಹೆಚ್ಚು ಮಾತಾಡಿದವಳಲ್ಲ. ಆದರೆ ತಿಳಿಯದಿದ್ದಾಗ ಎದ್ದು ನಿಲ್ಲುತ್ತಿದ್ದೆ.

ಚಳ್ಳಕೆರೆಯವರಿಗೆ ಮಲೆನಾಡಿನ ಕಡೆ ರಸ್ತೆ ಕೆಲಸದ ಮೇಲೆ ನೌಕರಿಯಾಯಿತು. ಅಲ್ಲಿಯ ಚಳಿಜ್ವರ ಅವರನ್ನು ಮೂರು ವರ್ಷ ಬಿಟ್ಟು ಬಿಟ್ಟು ಹಿಡಿಯಿತು. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ, ರಜೆ ಮುಗಿಸಿ ಹಿಂದಿರುಗುವ ದಾರಿಯಲ್ಲಿ ನಮ್ಮಣ್ಣನೂ ನಾನೂ ಚಳ್ಳಕೆರೆಯಲ್ಲಿ ಇಳಿದು ಅವರ ಮನೆಗೆ ಹೋದೆವು. ಹೊರಗೆ ಉರಿಬಿಸಿಲು. ಒಳಗೆ ಅವರು ಎರಡು ಕಂಬಳಿ ಹೊದ್ದು ಗೋಡೆಗೆ ಒರಗಿದ್ದರು. ಕೈ ಕಡ್ಡಿಯಾಗಿತ್ತು, ಕಣ್ಣು ಹಳದಿಯಾಗಿತ್ತು. ಅವರ ತಾಯಿ ಪಕ್ಕದಲ್ಲಿ ಕೂತು ಉಣ್ಣೆ ನೂಲುತ್ತಿದ್ದರು. ನಮ್ಮನ್ನು ನೋಡಿ ಚಳ್ಳಕೆರೆಯವರ ಮುಖ ಅರಳಿತು. ನಾನು ಏನು ಓದುತ್ತಿದ್ದೇನೆ, ಯಾವ ಪಾಠ ಕಷ್ಟ, ಯಾರಿಗಾದರೂ ಹೇಳಿಕೊಡುತ್ತಿದ್ದೇನೆಯೇ ಎಂದೆಲ್ಲ ಕೇಳಿದರು. ಇಬ್ಬರು ಹುಡುಗಿಯರಿಗೆ ಹೇಳಿಕೊಡುತ್ತಿದ್ದೇನೆ ಎಂದಾಗ, “ಇಬ್ಬರು ಸಾಲದು,” ಅಂದರು.

“ಜ್ವರ ಇಳಿದೈತೆ ಅವ್ವಾ. ಬರೋ ತಿಂಗಳು ಕೆಲಸಕ್ಕೆ ಹೋಗ್ತೀನಿ,” ಎಂದು ತಾಯಿಯ ಕಡೆ ತಿರುಗಿ ಹೇಳಿದರು.

ತಾಯಿ ನೂಲುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದರು. “ನೀನು ಓದಿದೋಳು ಕಣವ್ವ. ಇವನು ದಿನಾ ಹಿಂಗೇ ಅಂತಾನೆ. ನೋಡಿ ಹೇಳು, ನನ್ ಮಗ ಹೇಳೋದು ದಿಟವಾ?”

ನಾನು ಚಳ್ಳಕೆರೆಯವರ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಹೀಗೆ ಹೇಳು ಎಂದಾಗಲಿ ಹಾಗೆ ಹೇಳು ಎಂದಾಗಲಿ ಆ ನೋಟದಲ್ಲಿ ಇರಲಿಲ್ಲ. ನಾನು ತಲೆಯಾಡಿಸಿದೆ. ತಾಯಿ ನನ್ನ ಕೈ ಬಿಟ್ಟು ಮತ್ತೆ ನೂಲಲು ತೊಡಗಿದರು.

ಇಪ್ಪತ್ತು ದಿನದ ಮೇಲೆ ನಮ್ಮಣ್ಣ ನನ್ನ ಕಾಲೇಜಿನ ಬಾಗಿಲಿಗೆ ಬಂದು, ಒಳಗೆ ಬಾರದೆ ನಿಂತಿದ್ದ. ಅವನನ್ನು ಕಂಡೊಡನೆ ಚಳ್ಳಕೆರೆಯವರು ತೀರಿಕೊಂಡರೆಂದು ನನಗೆ ಗೊತ್ತಾಯಿತು. ಆ ತಾಯಿಗೆ ಆ ಇಪ್ಪತ್ತು ದಿನವನ್ನು ನಾನು ಕೊಟ್ಟೆನೋ, ಅವರಿಂದ ಕಸಿದುಕೊಂಡೆನೋ ಇಂದಿಗೂ ತಿಳಿದಿಲ್ಲ. ತಿಳಿಯಲಿಲ್ಲ ಎಂದು ಹೋಗಿ ಕೇಳಬಹುದಾಗಿದ್ದವರು ಚಳ್ಳಕೆರೆಯವರೊಬ್ಬರೇ.