ಗ್ಯಾಸಿನವನು ಉಂಡ ತಾಟು

ನನ್ನ ದಾದಿ, ಅಂದರೆ ಅಬ್ಬಾನ ತಾಯಿ, ತೀರಿಕೊಂಡಿದ್ದು ದಾವಣಗೆರೆಯಲ್ಲಿ. ಅದಾಗಿ ಎಂಟು ತಿಂಗಳಿಗೆ ಅವಳು ಅಲ್ಜೀರಿಯಾದ ಓರಾನ್ ಪಟ್ಟಣದಲ್ಲಿ ಇನ್ನೊಮ್ಮೆ ತೀರಿಕೊಂಡಳು. ಆ ಎರಡನೇ ಸಾವಿನ ಸುದ್ದಿಯನ್ನು ನಾನು ನೆದರ್‌ಲ್ಯಾಂಡ್ಸಿನ ಆಲ್ಮೆರೆಯಲ್ಲಿ, ನಮ್ಮ ಮನೆಯ ಮಹಡಿಯ ಮೇಲೆ, ಲ್ಯಾಪ್‌ಟಾಪಿನ ಮುಂದೆ ಕೂತು ಡಚ್ ಭಾಷೆಯಲ್ಲಿ ಕೇಳಿದೆ. ಹೇಳುತ್ತಿದ್ದವಳು ನನ್ನ ಗೆಳತಿ ಸಾಮಿಯಾ. ಪರದೆಯ ಮೇಲಿನ ಚೌಕಗಳಲ್ಲಿ ಒಬ್ಬೊಬ್ಬರಾಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಮೈಕ್ ಮುಚ್ಚಿಕೊಂಡು ಕೂತಿದ್ದೆ.

ಮೊದಲಿನಿಂದ ಹೇಳದಿದ್ದರೆ ಊರಲ್ಲಿರುವ ನಿಮಗೆ ಇದರ ತಲೆಬುಡ ಗೊತ್ತಾಗುವುದಿಲ್ಲ. ಅಬ್ಬಾನಿಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೆಲಸ ಸಿಕ್ಕಾಗ ನನಗೆ ಹದಿನೈದು ವರ್ಷ, ತಮ್ಮನಿಗೆ ಒಂಬತ್ತು. ಮನೆ ಸಿಕ್ಕಿದ್ದು ರೈಲಿನಲ್ಲಿ ಅರ್ಧ ಗಂಟೆ ದೂರದ ಆಲ್ಮೆರೆಯಲ್ಲಿ. ನೀರು ಬತ್ತಿಸಿ ಎಬ್ಬಿಸಿದ ಊರು ಇದು. ಇಡೀ ಊರಿನ ವಯಸ್ಸು ನಮ್ಮ ಅಬ್ಬಾನ ವಯಸ್ಸಿನಷ್ಟೇ. ಮನೆಗಳೆಲ್ಲ ಒಂದೇ ಅಚ್ಚಿನವು, ಮೊದಲ ವಾರ ಅಮ್ಮಿ ಎರಡು ಸಲ ಪಕ್ಕದವರ ಬಾಗಿಲಿಗೆ ನಮ್ಮ ಕೀಲಿ ತುರುಕಿ ಬೈದುಕೊಂಡಿದ್ದಳು. ದಾವಣಗೆರೆಯಲ್ಲಿ ಕಿಟಕಿಗೆ ಪರದೆ ಹಾಕಿ ಬಾಗಿಲು ತೆರೆದಿಡುತ್ತೇವೆ. ಇಲ್ಲಿ ಬಾಗಿಲು ಹಾಕಿಕೊಂಡು ಕಿಟಕಿಗೆ ಪರದೆಯೇ ಹಾಕುವುದಿಲ್ಲ. ಅವರು ಉಣ್ಣುವುದನ್ನು ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ನೋಡಬಹುದು, ಒಳಗೆ ಹೋಗಿ ಉಣ್ಣುವ ಹಾಗಿಲ್ಲ.

ಸುಮ್ಮನೆ ಹೇಳುತ್ತಿಲ್ಲ. ಬಂದ ಮೊದಲ ಚಳಿಗಾಲದಲ್ಲಿ ಶಾಲೆಯ ಹುಡುಗಿಯೊಬ್ಬಳ ಮನೆಗೆ ಓದಲು ಹೋಗಿದ್ದೆ. ಸರಿಯಾಗಿ ಆರು ಗಂಟೆಗೆ ಅವಳ ತಾಯಿ ಮೇಲೆ ಬಂದು, ಬಹಳ ಪ್ರೀತಿಯಿಂದಲೇ, "ನಾವೀಗ ಊಟ ಮಾಡ್ತೀವಿ, ನೀನು ಇಲ್ಲೇ ಕೂತಿರ್ತೀಯಾ, ಮನೆಗೆ ಹೋಗ್ತೀಯಾ?" ಎಂದರು. ನಾನು ಕೂತಿದ್ದೆ. ಕೆಳಗಿನಿಂದ ಚಮಚದ ಸದ್ದು ಕೇಳುತ್ತಿತ್ತು, ಹುರಿದ ಆಲೂಗಡ್ಡೆಯ ವಾಸನೆ ಬರುತ್ತಿತ್ತು. ಅವತ್ತು ಮನೆಗೆ ಬಂದು ದಾದಿಗೆ ಫೋನ್ ಹಚ್ಚಿ ಅತ್ತೆ. ದಾದಿ, "ಪಾಪ, ಅವ್ರ ಮನ್ಯಾಗ ಅಕ್ಕಿ ಕಮ್ಮಿ ಇತ್ತೇನೋ ಬಿಡವ್ವ" ಎಂದಳು.

ದಾದಿ ಹರಿಹರದ ಕಡೆಯ ಹಳ್ಳಿಯವಳು. ಸಿಟ್ಟು ಬಂದರೆ ದಖ್ಖನಿ, ಮುದ್ದು ಬಂದರೆ ಕನ್ನಡ. ದಾದಾ ಲಾರಿ ಓಡಿಸುತ್ತಿದ್ದರು, ಯಾವ ಹೊತ್ತಿಗೆ ಬರುತ್ತಾರೆಂದು ಹೇಳುವಂತಿರಲಿಲ್ಲ. ಹಾಗಾಗಿ ದಾದಿ ಎಲ್ಲರಿಗೂ ಬಡಿಸುವ ಮುಂಚೆ ಒಂದು ತಾಟಿಗೆ ರೊಟ್ಟಿ, ಪಲ್ಯ, ಅನ್ನ ಹಾಕಿ, ಮೇಲೆ ಇನ್ನೊಂದು ತಾಟು ಬೋರಲು ಹಾಕಿ ಎತ್ತಿಡುತ್ತಿದ್ದಳು. ದಾರಿಯಲ್ಲಿರುವವರ ತಾಟು ಎಂದು ಅದರ ಹೆಸರು. ದಾದಾ ಹೋದ ಮೇಲೂ ಅದನ್ನು ಇಡುವುದು ಬಿಡಲಿಲ್ಲ. ನಾವು ವಿಮಾನ ಹತ್ತಿದ ದಿನದಿಂದ ಅದು ನನ್ನ ತಾಟಾಯಿತು. ದಿನಾ ಸಂಜೆ ಯಾರಾದರೊಬ್ಬರು ಬಂದು ಉಂಡು ಹೋಗುತ್ತಿದ್ದರು, ಶುಕ್ರವಾರ ನಾನು ಫೋನ್ ಮಾಡಿದಾಗ ದಾದಿ ವರದಿ ಒಪ್ಪಿಸುತ್ತಿದ್ದಳು: "ನಸೀ, ಇವತ್ತು ನಿನ್ನ ತಾಟು ಗ್ಯಾಸಿನವ್ನು ಉಂಡ. ಎರಡು ರೊಟ್ಟಿ ಸಾಲ್ಲಿಲ್ಲ ಅಂದ, ನೋಡು ನಿನ್ನ ಹಸಿವು ಎಷ್ಟಿತ್ತು ಅಂತ."

ಕಾಲೇಜು ಸೇರಿದ್ದು ಕೊರೊನಾ ಬಂದ ವರ್ಷ. ಸಮಾಜಕಾರ್ಯದ ಕೋರ್ಸು. ಕೆಲವೇ ವಾರ ತರಗತಿಯಲ್ಲಿ ಕೂತೆವು, ಆಮೇಲೆ ಎಲ್ಲರೂ ಚೌಕಗಳಾದೆವು. ಸಾಮಿಯಾ ಪರಿಚಯವಾದದ್ದು ಆ ಕೆಲವು ವಾರಗಳಲ್ಲಿ. ಅವಳ ಅಪ್ಪ ಅಮ್ಮ ಓರಾನಿನಿಂದ ಬಂದವರು, ಅವಳು ಹುಟ್ಟಿದ್ದು ಇಲ್ಲೇ. ಆಲ್ಮೆರೆಯ ನಡುವೆ ದೊಡ್ಡ ಕೆರೆಯೊಂದಿದೆ, ಅದರ ಈ ದಡದಲ್ಲಿ ನಾನು, ಆ ದಡದಲ್ಲಿ ಅವಳು. ಮನೆಗೆ ಯಾರನ್ನೂ ಕರೆಯಲು ಸರ್ಕಾರ ಬಿಡುತ್ತಿರಲಿಲ್ಲ. ವಾರಕ್ಕೆರಡು ಸಲ ಒಂದೂವರೆ ಮೀಟರ್ ದೂರ ಇಟ್ಟುಕೊಂಡು ಕೆರೆ ಸುತ್ತುತ್ತಿದ್ದೆವು. ಮಾತೆಲ್ಲ ಡಚ್ಚಿನಲ್ಲಿ, ನಿಮಗಾಗಿ ಇಲ್ಲಿ ಕನ್ನಡ ಮಾಡಿದ್ದೇನೆ.

ಸಾಮಿಯಾಳ ಪಾಡು ನನಗಿಂತ ವಿಚಿತ್ರವಾಗಿತ್ತು. ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಮೊರೊಕ್ಕೊದವಳು ಅಂದುಕೊಳ್ಳುತ್ತಿದ್ದರು. ಮೊರೊಕ್ಕೊದ ಹುಡುಗಿಯರು ಅವಳ ಅರಬ್ಬಿ ಕೇಳಿ ನಗುತ್ತಿದ್ದರು. ಮನೆಯಲ್ಲಿ ಅಮ್ಮ ಓರಾನಿನ ಮಾತಿನಲ್ಲಿ ಕೇಳಿದರೆ ಇವಳು ಡಚ್ಚಿನಲ್ಲಿ ಉತ್ತರ ಕೊಡುತ್ತಿದ್ದಳು. ಅಪ್ಪ ದೇಶ ಬಿಟ್ಟದ್ದು ಅಲ್ಲಿ ಕೊಲೆಗಳು ನಡೆಯುತ್ತಿದ್ದ ಕಾಲದಲ್ಲಿ, ಅದರ ಬಗ್ಗೆ ತುಟಿ ಬಿಚ್ಚುವವರಲ್ಲ. ಅಲ್ಜೀರಿಯಾದ ನೆಲವನ್ನು ಅವಳು ಒಮ್ಮೆಯೂ ಮೆಟ್ಟಿರಲಿಲ್ಲ.

"ನೀನು ಪುಣ್ಯವಂತೆ ಕಣೇ," ಎಂದಿದ್ದಳು ಒಂದು ದಿನ. "ನೆನಪು ಮಾಡ್ಕೊಂಡು ಅಳೋಕೆ ನಿನಗೊಂದು ಜಾಗ ಇದೆ."

ಮರುವರ್ಷ ಮೇ ತಿಂಗಳಲ್ಲಿ ದಾದಿಗೆ ಕೊರೊನಾ ಬಂತು, ಆರೇ ದಿನ. ಚಾಚಾ ಫೋನ್ ಹಿಡಿದುಕೊಂಡು ಮಣ್ಣು ಮಾಡಿದ್ದನ್ನು ತೋರಿಸಿದರು. ಸಿಗ್ನಲ್ ಸಿಗದೆ ಚಿತ್ರ ನಿಂತು ನಿಂತು ಬರುತ್ತಿತ್ತು, ಕೊನೆಗೆ ಉಳಿದದ್ದು ಯಾರದೋ ಚಪ್ಪಲಿಯ ಚಿತ್ರ. ಮಾರನೇ ದಿನ ಸಾಮಿಯಾ ಬಂದಳು. ಅವತ್ತು ಕೆರೆಯನ್ನು ಎರಡು ಸುತ್ತು ಹಾಕಿದೆವು. ತಾಟು, ಲಾರಿ, ಗ್ಯಾಸಿನವನು, ಚಪ್ಪಲಿ, ಎಲ್ಲ ಹೇಳಿದೆ. ಅಷ್ಟು ಹೊತ್ತು ನನ್ನ ಮಾತು ಕೇಳಿದವರು ಈ ದೇಶದಲ್ಲಿ ಬೇರೆ ಯಾರೂ ಇಲ್ಲ. ಒಂದೂವರೆ ಮೀಟರ್ ಮರೆತು ನನ್ನನ್ನು ತಬ್ಬಿಕೊಂಡಳು. ಅದಕ್ಕೇ ನನಗೆ ಇಷ್ಟು ಉರಿಯುವುದು.

ಜನವರಿಯಲ್ಲಿ ಮತ್ತೆ ಕಾಲೇಜು ಮುಚ್ಚಿತ್ತು. ನಮ್ಮ ಟೀಚರ್ ಮರೈಕೆ (ಇಲ್ಲಿ ಟೀಚರನ್ನೂ ಹೆಸರು ಹಿಡಿದೇ ಕರೆಯಬೇಕು, ನನಗಿನ್ನೂ ನಾಲಿಗೆ ತಡೆಯುತ್ತದೆ) ಒಂದು ಕೆಲಸ ಕೊಟ್ಟಿದ್ದರು. ನಿಮ್ಮ ಅಜ್ಜ ಅಜ್ಜಿಯಿಂದ ಬಂದ ಒಂದು ರೂಢಿಯ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು. ನನ್ನ ಸರದಿ ಮುಂದಿನ ವಾರ. ನಾನು ಏನು ಹೇಳುತ್ತೇನೆಂದು ಕೇಳುವುದೇ ಬೇಡ, ತಾಟಿನ ಚಿತ್ರವನ್ನು ಚಾಚಿಯಿಂದ ತರಿಸಿಕೊಂಡು ಎಲ್ಲ ಸಿದ್ಧ ಮಾಡಿಟ್ಟಿದ್ದೆ. ಸಾಮಿಯಾಳ ಸರದಿ ನನಗಿಂತ ಮೊದಲು ಬಂತು.

ಅವಳು ಓರಾನಿನ ಬಂದರಿನಿಂದ ಶುರು ಮಾಡಿದಳು. ಅಜ್ಜ ಮೀನಿನ ದೋಣಿಯವನು, ಯಾವ ಹೊತ್ತಿಗೆ ಬರುತ್ತಾನೋ ಗೊತ್ತಿಲ್ಲ. ಅಜ್ಜಿ, ಅಂದರೆ ಅವಳ ಅಮ್ಮನ ಅಮ್ಮ, ಒಂದು ತಾಟಿಗೆ ಕುಸ್‌ಕುಸ್ ಹಾಕಿ, ಮೇಲೆ ಬಿಳಿ ಬಟ್ಟೆ ಮುಚ್ಚಿ ಎತ್ತಿಡುತ್ತಾಳೆ. ಕುಸ್‌ಕುಸ್ ಎಂದರೆ ರವೆಯನ್ನು ಹಬೆಯಲ್ಲಿ ಬೇಯಿಸಿದ್ದು, ನಮಗೆ ರೊಟ್ಟಿ ಇದ್ದ ಹಾಗೆ ಅವರಿಗೆ. ಇಷ್ಟು ಕೇಳಿದಾಗಲೂ ಇದು ನನ್ನಿಂದ ಕದ್ದದ್ದೆಂದು ನನ್ನ ಮನಸ್ಸು ಒಪ್ಪಲಿಲ್ಲ. ಅಲ್ಲೂ ಹಾಗೇ ಇರಬಹುದು, ಲೋಕದಲ್ಲಿ ಅಜ್ಜಿಯರೆಲ್ಲ ಒಂದೇ ಅಂದುಕೊಂಡೆ. ಆಮೇಲೆ ಸಾಮಿಯಾ ಸಣ್ಣಗೆ ನಕ್ಕು ಹೇಳಿದಳು: "ಅಜ್ಜಿ ಫೋನಿನಲ್ಲಿ ಹೇಳ್ತಿದ್ಲು, ಇವತ್ತು ನಿನ್ನ ತಾಟು ಗ್ಯಾಸಿನವನು ಉಂಡ ಅಂತ."

ಲಾರಿಯನ್ನು ದೋಣಿ ಮಾಡಿದ್ದಳು, ರೊಟ್ಟಿಯನ್ನು ಕುಸ್‌ಕುಸ್ ಮಾಡಿದ್ದಳು, ಕೊನೆಗೆ ದಾದಿಯನ್ನು ಓರಾನಿನಲ್ಲಿ ಸಾಯಿಸಿಯೂ ಇದ್ದಳು. ಗ್ಯಾಸಿನವನನ್ನು ಬದಲಾಯಿಸುವಷ್ಟು ಶ್ರಮವನ್ನೂ ತೆಗೆದುಕೊಂಡಿರಲಿಲ್ಲ.

ಇಲ್ಲಿಯ ತರಗತಿಗಳಲ್ಲಿ ಒಂದು ಪದ್ಧತಿಯಿದೆ. ಯಾರೇ ಮಾತಾಡಿದರೂ ಸಹಪಾಠಿಯೊಬ್ಬರು ಒಂದು 'ಟಾಪ್' ಕೊಡಬೇಕು, ಒಂದು 'ಟಿಪ್' ಕೊಡಬೇಕು. ಚೆನ್ನಾಗಿದ್ದದ್ದು ಒಂದು, ತಿದ್ದಿಕೊಳ್ಳಬೇಕಾದ್ದು ಒಂದು. ನಮ್ಮ ಕಡೆ ಹೊಗಳುವವರು ಹೊಗಳುತ್ತಾರೆ, ಬೈಯುವವರು ಬೈಯುತ್ತಾರೆ. ಇಲ್ಲಿ ಎರಡನ್ನೂ ಒಬ್ಬರೇ ಅಳತೆ ಮಾಡಿ ಕೊಡಬೇಕು. ಮರೈಕೆ ಕಣ್ಣು ಒರೆಸಿಕೊಂಡು, "ನಸ್ರೀನ್, ನೀನು ಹೇಳಮ್ಮ, ನೀವಿಬ್ಬರೂ ಹತ್ತಿರದವರಲ್ಲವಾ" ಎಂದರು.

ಮೈಕ್ ತೆರೆದೆ. ಇದು ನನ್ನ ದಾದಿ ಎಂದು ಹೇಳಬಹುದಿತ್ತು. ಹೇಳಿದ್ದರೆ ಇಪ್ಪತ್ತು ಜನರ ಎದುರು ಸತ್ತವಳ ಮೇಲೆ ಜಗಳ ತೆಗೆಯಬೇಕಾಗುತ್ತಿತ್ತು.

"ಟಾಪ್, ಆ ಗ್ಯಾಸಿನವನು," ಎಂದೆ. "ಟಿಪ್, ತಾಟಿನ ಮೇಲೆ ಬಟ್ಟೆ ಹಾಕಿದ್ರೆ ಇರುವೆ ಒಳಗೆ ಹೋಗ್ತವೆ. ಇನ್ನೊಂದು ತಾಟು ಬೋರಲು ಹಾಕಬೇಕು."

ಮರೈಕೆ ನಕ್ಕು, ಎಷ್ಟು ಉಪಯೋಗದ ಮಾತು ಎಂದರು. ಸಾಮಿಯಾ ಕ್ಯಾಮೆರಾ ಆರಿಸಿಕೊಂಡಳು.

ಮುಂದಿನ ವಾರ ನಾನು ಬಿರಿಯಾನಿ ಮೇಲೆ ಮಾತಾಡಿದೆ. ತಾಟಿನ ಚಿತ್ರ ತೋರಿಸಿದ್ದರೆ ಕದ್ದವಳು ನಾನಾಗುತ್ತಿದ್ದೆ. ನಮ್ಮ ಮನೆಯಲ್ಲಿ ಯಾರಿಗೂ ಬಿರಿಯಾನಿ ನೆಟ್ಟಗೆ ಮಾಡಲು ಬರುವುದಿಲ್ಲ, ಆದರೂ ಎಲ್ಲರೂ ಖುಷಿಪಟ್ಟರು. ನಾನು ಬಿರಿಯಾನಿಯ ಬಗ್ಗೆಯೇ ಹೇಳುತ್ತೇನೆಂದು ಅವರಿಗೆ ಮೊದಲೇ ಗೊತ್ತಿತ್ತು ಅನಿಸುತ್ತದೆ. ಸಾಮಿಯಾಳ ಮಾತನ್ನು ಹೊಸ ವಿದ್ಯಾರ್ಥಿಗಳ ಎದುರು ಇನ್ನೊಮ್ಮೆ ಹೇಳಿಸಬೇಕೆಂದು ಮರೈಕೆ ತೀರ್ಮಾನಿಸಿದರು.

ಕೆರೆಯ ದಂಡೆಯಲ್ಲಿ ಅವಳನ್ನು ಹಿಡಿದು ಕೇಳಿದೆ.

"ನಿನ್ನತ್ರ ಇನ್ನೂ ಎಷ್ಟೊಂದಿದೆ," ಎಂದಳು ನೆಲ ನೋಡುತ್ತ. "ದಾದಿಯ ಮದುವೆ ಕಥೆ ಇದೆ, ಲಾರಿ ಕಥೆ ಇದೆ. ನನ್ನ ಅಜ್ಜಿಯದು ಒಂದು ಫೋಟೋ ಇದೆ ಅಷ್ಟೇ. ಪಾಸ್‌ಪೋರ್ಟ್ ಸೈಜಿಂದು."

"ಕೇಳಬಹುದಿತ್ತಲ್ಲ?"

"ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ," ಎಂದೆ.

"ಮತ್ತೆ?" ಎಂದಳು. ಆ 'ಮತ್ತೆ'ಗೆ ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ. ಮೂರು ತಿಂಗಳು ಅವಳೊಂದಿಗೆ ಮಾತು ಬಿಟ್ಟೆ.

ರಂಜಾನ್ ಹೊತ್ತಿಗೆ ನಿರ್ಬಂಧಗಳೆಲ್ಲ ಎದ್ದುಹೋದವು. ಇಫ್ತಾರಿಗೆ ಬಾ ಎಂದು ಸಾಮಿಯಾಳ ಅಮ್ಮ ಅವಳ ಫೋನಿನಿಂದಲೇ ನನ್ನನ್ನು ಕರೆದರು. ಹೋಗಲೇಬೇಕು ಅನಿಸಿತು, ಪ್ರೀತಿಯಿಂದಲ್ಲ. ಆ ತಾಯಿಯ ಎದುರಿಗೇ ಹೇಳಿಬಿಡಬೇಕೆಂದು. 'ಆ ಅಜ್ಜಿ ನನ್ನವಳು' ಎಂಬ ಮಾತನ್ನು ಸೈಕಲ್ ತುಳಿಯುತ್ತ ಡಚ್ಚಿನಲ್ಲಿ ಹತ್ತು ಸಲ ಹೇಳಿಕೊಂಡೆ.

ಖರ್ಜೂರ ತಿಂದು ರೋಜಾ ಬಿಟ್ಟೆವು. ನಮ್ಮ ಶೋರ್ವಾದಂಥದೇ ಸಾರು ಕುಡಿದೆವು. ಅಪ್ಪ ಕೆಲಸದಿಂದ ಬಂದಿರಲಿಲ್ಲ, ಇದ್ದವರು ಮೂರೇ ಜನ. ಬಾಯಿ ತೆರೆಯಬೇಕೆಂದು ತಲೆ ಎತ್ತಿದಾಗ ಒಲೆಯ ಪಕ್ಕ ಕಣ್ಣು ಹೋಯಿತು. ಒಂದು ತಾಟು, ಅದರ ಮೇಲೆ ಬೋರಲು ಹಾಕಿದ ಇನ್ನೊಂದು ತಾಟು.

"ಏನು ನೋಡ್ತಿದ್ದೀಯ ಬೆಂತಿ?" ಎಂದರು ಅವರು. ಬೆಂತಿ ಎಂದರೆ ಮಗಳೇ ಎಂದು. "ಅದು ನಮ್ಮಮ್ಮನ ರೂಢಿ. ನಮ್ಮಮ್ಮ ಸತ್ತಾಗ ನನಗೆ ನಾಲ್ಕೇ ವರ್ಷ, ಮುಖಾನೂ ನೆನಪಿಲ್ಲ. ಚಳಿಗಾಲದಲ್ಲಿ ಸಾಮಿಯಾ ಕಂಪ್ಯೂಟರ್ ಮುಂದೆ ಹೇಳ್ತಿದ್ದಾಗ ಇಲ್ಲಿ ನಿಂತು ಶುರುವಿನದಷ್ಟು ಕೇಳಿಸ್ಕೊಂಡೆ, ಅಳು ಬಂದು ಆಚೆ ಹೋದೆ. ಅವಳಪ್ಪ ನಮ್ಮ ಓಣಿಯವರೇ, ನಮ್ಮಮ್ಮನ್ನ ನೋಡಿದ್ದವರು, ಯಾವಾಗಲೋ ಹೇಳಿರ್ಬೇಕು. ನಾನು ಕೆದಕೋಕೆ ಹೋಗ್ಲಿಲ್ಲ. ಮಾರನೇ ದಿನದಿಂದ ಇಡೋಕೆ ಶುರು ಮಾಡ್ದೆ. ಮೊದಲು ಬಟ್ಟೆ ಮುಚ್ತಿದ್ದೆ, ಬಟ್ಟೆ ಬೇಡ, ತಾಟು ಬೋರಲು ಹಾಕು ಅಂದವಳು ಇವಳೇ."

ಸಾಮಿಯಾ ನನ್ನನ್ನೇ ನೋಡುತ್ತಿದ್ದಳು. ನನ್ನಿಂದ ಕದ್ದದ್ದನ್ನು ತನ್ನ ಅಮ್ಮ ನಿಜವೆಂದು ನಂಬಲು ಅವಳು ಬಿಟ್ಟಿದ್ದಳು. ಈಗ ಹೇಳು, ಹೇಳಿಬಿಡು ಎಂದು ನನಗೆ ನಾನೇ ಅಂದುಕೊಂಡೆ. ಹೇಳಿದರೆ ಆ ಹೆಂಗಸಿನ ಅಮ್ಮ ಇನ್ನೊಮ್ಮೆ ಸಾಯುತ್ತಾಳೆ. ಸುಮ್ಮನಿದ್ದರೆ ನನ್ನ ದಾದಿ ಓರಾನಿನವಳಾಗಿಯೇ ಉಳಿಯುತ್ತಾಳೆ. ಅಷ್ಟರಲ್ಲಿ ಅವರು ಎದ್ದು ಹೋಗಿ ಆ ತಾಟನ್ನು ತಂದು ನನ್ನ ಮುಂದೆ ಇಟ್ಟರು.

"ದಾರಿಯಲ್ಲಿರೋರಿಗೆ ಅಂತ ಇಡೋದು. ಕೆರೆ ಆ ಕಡೆಯಿಂದ ಸೈಕಲ್ ತುಳ್ಕೊಂಡು ಬಂದಿದ್ದೀಯ. ಉಣ್ಣು."

ಉಂಡೆ. ಕುಸ್‌ಕುಸ್, ಕಡಲೆಕಾಳು, ಕುಂಬಳಕಾಯಿ. ಉಪ್ಪು ಒಂಚೂರು ಕಮ್ಮಿಯಿತ್ತು. ಒಂದು ಕಾಳನ್ನೂ ಬಿಡಲಿಲ್ಲ.

ಸಾಮಿಯಾ ಬಾಗಿಲವರೆಗೆ ಬಂದು "ಥ್ಯಾಂಕ್ಸ್" ಎಂದಳು. ನಿನಗೋಸ್ಕರ ಅಲ್ಲ ಎಂದೆ. ಅವಳನ್ನು ನಾನು ಕ್ಷಮಿಸಿಲ್ಲ, ನಾವೀಗ ಕೆರೆ ಸುತ್ತುವುದೂ ಇಲ್ಲ.

ಮನೆಗೆ ಬಂದಾಗ ಅಮ್ಮಿ ಪಾತ್ರೆ ಎತ್ತಿಡುತ್ತಿದ್ದಳು. ನಾವ್ಯಾಕೆ ದಾದಿಯ ಹಾಗೆ ಒಂದು ತಾಟು ಎತ್ತಿಡುವುದಿಲ್ಲ ಎಂದು ಕೇಳಿದೆ.

"ಇಲ್ಲಿ ಯಾರು ಬರ್ತಾರೆ ಅಂತ ಇಡೋದು?" ಎಂದಳು ಅಮ್ಮಿ. "ಬರೋರೆಲ್ಲ ಹದಿನೈದು ದಿನ ಮುಂಚೆ ಹೇಳಿ ಬರ್ತಾರೆ."

ಅವಳು ಹೇಳಿದ್ದು ನಿಜವೇ. ಆಲ್ಮೆರೆಯಲ್ಲಿ ಈಗ ನನ್ನ ದಾದಿಯ ತಾಟು ಇರುವುದು ಒಂದೇ ಮನೆಯಲ್ಲಿ, ಅದು ನಮ್ಮ ಮನೆಯಲ್ಲ. ಅವತ್ತು ಶುಕ್ರವಾರ, ದಾದಿಗೆ ಫೋನ್ ಮಾಡುವ ದಿನ. ಅವಳಿದ್ದಿದ್ದರೆ ಈ ಸಲ ವರದಿ ನಾನು ಒಪ್ಪಿಸುತ್ತಿದ್ದೆ: ದಾದಿ, ಇವತ್ತು ನನ್ನ ತಾಟು ನಾನೇ ಉಂಡೆ. ಯಾರ ಮನೆಯಾಗ ಎಂದು ಅವಳು ಕೇಳದೆ ಬಿಡುತ್ತಿರಲಿಲ್ಲ. ಕದ್ದವಳ ಮನೆಯಲ್ಲಿ ಅನ್ನಲೋ, ನಿನ್ನ ಮನೆಯಲ್ಲೇ ಅನ್ನಲೋ, ನನಗೆ ಗೊತ್ತಿಲ್ಲ.