ಹಾಲು ಒಡೆದ ಮಡು

ಕೋವಿಡ್ ಕಳೆದ ಮರುವರ್ಷ ನಾನು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಪಶುವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಹಸು, ಎಮ್ಮೆಗಳ ನಡುವೆಯೇ ತಲೆ ನರೆತವಳಿಗೆ ಇನ್ನು ಯಾವ ಹೊಸ ಕಾಯಿಲೆ ಕಾಣಿಸೀತು ಎಂಬ ಜಂಬವೂ ಇತ್ತು. ಆಂಧ್ರದ ಗಡಿಯ ಕಾಡಿನಿಂದ ಇಳಿದು ಬರುವ ಹೊಳೆಯೊಂದರ ದಡದ ಊರಿನಿಂದ ಒಂದು ಬೆಳಿಗ್ಗೆ ಫೋನ್ ಬಂತು. ಮಾತಾಡಿದವರು ಅಲ್ಲಿನ ಹಾಲಿನ ಸೊಸೈಟಿಯ ಕಾರ್ಯದರ್ಶಿ ಮುನಿಸ್ವಾಮಪ್ಪ.

"ಡಾಕ್ಟ್ರಮ್ಮ, ದನ ನೀರು ಕಂಡ್ರೆ ಎದರ್ತಾವೆ. ಒಂದ್ಸಲ ಬಂದೋಗಿ."

ದನ ನೀರು ಕುಡಿಯಲಾರದೆ ಹಿಂಜರಿಯುತ್ತದೆ ಎಂದರೆ ನಮ್ಮ ವೃತ್ತಿಯವರಿಗೆ ಮೊದಲು ನೆನಪಾಗುವುದು ರೇಬೀಸ್. ಹುಚ್ಚುನಾಯಿ ಕಚ್ಚಿದ ದನಕ್ಕೆ ಬರುವ ಆ ರೋಗಕ್ಕೆ ಮದ್ದಿಲ್ಲ. ಕೈಗವಸು ತೊಟ್ಟೇ ಹೊಳೆಗೆ ಇಳಿದೆ.

ಹಿಂದಿನ ದಿನ ಜೋರು ಮಳೆ ಬಂದಿತ್ತು. ಅಂಥ ಮಳೆಯ ಮರುದಿನ ಅಲ್ಲಿ ಕೆಮ್ಮಣ್ಣಿನ ನೀರು ಹರಿಯಬೇಕು. ಆದರೆ ದನ ನೀರು ಕುಡಿಯುವ ಮಡು ತಳದ ಕಲ್ಲು ಎಣಿಸುವಷ್ಟು ತಿಳಿಯಾಗಿತ್ತು. ಮೀನಿಲ್ಲ, ಕಪ್ಪೆಯ ಸದ್ದಿಲ್ಲ, ನೀರ ಮೇಲೆ ಓಡಾಡುವ ಹುಳವೂ ಇಲ್ಲ. ಹಸುಗಳು ಕತ್ತು ಚಾಚಿ ಮೂಸುತ್ತಿದ್ದವು, ಬುಸ್ಸೆಂದು ಹಿಂದಕ್ಕೆ ಸರಿಯುತ್ತಿದ್ದವು. ಮರಳಿನಲ್ಲಿ ಆನೆಗಳ ಹೆಜ್ಜೆ ಕಾಣಿಸಿತು. ಅವು ನೀರಿನ ಅಂಚಿನವರೆಗೆ ಬಂದು, ಒಂದೂ ಇಳಿಯದೆ ಕಾಡಿಗೆ ತಿರುಗಿದ್ದವು.

ಬೋರ್‌ವೆಲ್ ನೀರು ತರಿಸಿ ಬಕೆಟ್ಟಿನಲ್ಲಿ ಇಟ್ಟೆ. ಹಸುಗಳು ಒಂದರ ಮೇಲೊಂದು ಬಿದ್ದು ಕುಡಿದವು. ರೇಬೀಸ್ ಅಲ್ಲ ಎಂದು ನನಗೆ ನೆಮ್ಮದಿಯಾಯಿತು. ಅಲ್ಲಿದ್ದವರ ಮುಖ ಮಾತ್ರ ಸಡಿಲವಾಗಲಿಲ್ಲ. ದೂರದ ಬಂಡೆಯ ಮೇಲೆ ಒಬ್ಬ ಹೆಂಗಸು ಒಬ್ಬಳೇ ಕೂತಿದ್ದಳು.

ಅವಳು ಯಂಕಟಮ್ಮ. ಆ ಊರಲ್ಲಿ ಹಸು ಕರು ಹಾಕಿದರೆ, ಗಿಣ್ಣು ಮುಗಿದ ಮೇಲಿನ ಮೊದಲ ಹಾಲನ್ನು ಡೈರಿಗೆ ಕೊಡುವ ಮುಂಚೆ ಒಂದು ಚೊಂಬು ಮಡುವಿಗೆ ಬಿಡುತ್ತಾರೆ. ಅದು ಗಂಗಮ್ಮನ ಪಾಲು. ಆ ಮಳೆಗಾಲದಲ್ಲಿ ಮೊದಲು ಕರು ಹಾಕಿದ್ದು ಅವಳ ಹಸು. ಆ ದಿನ ಬೆಳಿಗ್ಗೆ ಅವಳು ಬಿಟ್ಟ ಹಾಲು ನೀರಿಗೆ ಬಿದ್ದೊಡನೆ ಒಡೆದು ತರಿತರಿಯಾಗಿ ತೇಲಿತ್ತು. ತಿಳಿನೀರು ಗಂಗಮ್ಮ ಒಲಿದ ಗುರುತೆಂದು ಊರವರು ನಂಬಿದ್ದರು. ಹಾಗಾಗಿ ತಪ್ಪು ನೀರಿನದಾಗಲು ಸಾಧ್ಯವಿರಲಿಲ್ಲ, ಹಾಲು ಬಿಟ್ಟ ಕೈಯದೇ ಆಗಬೇಕಿತ್ತು.

"ಇವ್ಳ ಕೈ ಆಲು ಸೊಸೈಟೀಲಿ ಆಕಿಸ್ಕಳಲ್ಲ. ಅಸ ಮಾರ್ಕಂಡು ತೌರಿಗೆ ಓಗ್ಲಿ," ಎಂದರು ಮುನಿಸ್ವಾಮಪ್ಪ.

ಯಂಕಟಮ್ಮ ಬಂಡೆಯಿಂದ ಇಳಿದು ಹತ್ತಿರ ಬಂದಳು. "ನಾನೇನು ಮಾಡಿವ್ನಿ ಅಂತ ಯೇಳಣ್ಣ, ಓಯ್ತೀನಿ," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿನ ನಡುವೆಯೇ ತಲೆ ಕೆಲಸ ಮಾಡಿತು. ಹಾಲು ಒಡೆಯಲು ಹುಳಿ ಬೇಕು. ದನದ ಮೂತ್ರ ಪರೀಕ್ಷೆಗೆಂದು ನನ್ನ ಬ್ಯಾಗಿನಲ್ಲಿ ಬಣ್ಣ ಬದಲಾಗುವ ಪಟ್ಟಿಗಳಿರುತ್ತವೆ. ಒಂದನ್ನು ಮಡುವಿಗೆ ಅದ್ದಿದೆ. ನೋಡುತ್ತಿದ್ದಂತೆ ಆಸಿಡ್ಡಿನ ಬಣ್ಣಕ್ಕೆ ತಿರುಗಿತು. ನೀರಿನ ಕೆಸರನ್ನೆಲ್ಲ ತಳಕ್ಕಿಳಿಸಿ ತಿಳಿ ಮಾಡಿದ್ದೂ ಆ ಆಸಿಡ್ಡೇ.

ಮುನಿಸ್ವಾಮಪ್ಪ ಪಟ್ಟಿಯನ್ನು ತಿರುಗಿಸಿ ನೋಡಿ, "ಕಾಗ್ದ ಏನ್ ಬೇಕಾದ್ರೂ ಯೇಳ್ತದೆ," ಎಂದರು.

"ಹಾಗಾದರೆ ನಿಮ್ಮ ಮನೆಯ ಹಾಲು ತನ್ನಿ," ಎಂದೆ.

ತಂದರು. ತಮ್ಮ ಕೈಯಾರೆ ಮಡುವಿಗೆ ಬಿಟ್ಟರು. ಅದೂ ಒಡೆಯಿತು. ಆಮೇಲೆ ಸೊಸೈಟಿಯ ಹಾಲಿನ ಕ್ಯಾನನ್ನೇ ಹೆಗಲಿಗೇರಿಸಿ, "ಮೇಲಕ್ಕೋಗಿ ನೋಡಾನ ನಡೀರಿ," ಎಂದರು.

ಊರಿನ ಅರ್ಧ ಜನ ಹೊರಟರು. ಯಂಕಟಮ್ಮನೂ ಬಂದಳು. ಹೊಳೆಗೆ ಹಳ್ಳ ಸೇರುವ ಕಡೆಯೆಲ್ಲ ಹಾಲು ಬಿಟ್ಟು ನೋಡಿದೆವು. ಒಡೆದ ಕಡೆಗೆ ತಿರುಗಿದೆವು. ನಡು ಹಗಲು, ಬಿಸಿಲಿತ್ತು, ಆದರೂ ಒಂದು ಹಕ್ಕಿಯೂ ಕೂಗಲಿಲ್ಲ. ಕೊನೆಗೆ ನಮ್ಮ ಕಾಲ ಸದ್ದು ಮಾತ್ರ ಉಳಿಯಿತು.

ಹಳ್ಳದ ತಲೆಯಲ್ಲಿ ಒಂದು ಗುಂಡಿ ಇತ್ತು. ಚಿನ್ನ ಸಿಕ್ಕೀತೇನೋ ಎಂದು ಹಿಂದೆ ಯಾರೋ ತೋಡಿ ಕೈಬಿಟ್ಟದ್ದು. ಹತ್ತಿರದ ಚಿನ್ನದ ಗಣಿ ಚಾಂಪಿಯನ್ ರೀಫ್ಸ್‌ನ ಆಳದ ಬಾವಿಗಳ ಮುಂದೆ ಅದು ಏನೇನೂ ಅಲ್ಲ. ಆದರೆ ಅಂಚಿನವರೆಗೂ ತುಂಬಿತ್ತು, ಮೇಲೆ ತೆಳ್ಳಗೆ ಹೊಗೆ ಆಡುತ್ತಿತ್ತು. ಸುತ್ತಲಿನ ಲಂಟಾನ ಪೊದೆ ನಿಂತಲ್ಲೇ ಬೆಳ್ಳಗೆ ಒಣಗಿತ್ತು. ಪಕ್ಕದಲ್ಲಿ ಟ್ಯಾಂಕರಿನ ಚಕ್ರದ ಗುರುತುಗಳು. ಎಲ್ಲಿಂದಲೋ ತಂದು ಸುರಿದ ಕಾರ್ಖಾನೆಯ ಆಸಿಡ್ ಮಳೆಗೆ ತುಂಬಿ ಉಕ್ಕಿ ಹೊಳೆಗೆ ಇಳಿದಿತ್ತು.

ಇಲಾಖೆಗಳಿಗೆ ದೂರು ಬರೆದುಕೊಟ್ಟೆ. ಊರವರು ಉತ್ತರ ಬರುವವರೆಗೆ ಕೈಕಟ್ಟಿ ಕೂರಲಿಲ್ಲ. ಗುಂಡಿಗೆ ಹೋಗುವ ದಾರಿಯ ಉದ್ದಕ್ಕೂ ಗೂಟ ಹೊಡೆದು ತಮ್ಮ ಹಸುಗಳನ್ನು ಅಡ್ಡಡ್ಡ ಕಟ್ಟಿದರು. ಮೇವು, ನೀರು, ಹಾಲು ಕರೆಯುವುದು ಎಲ್ಲ ಅಲ್ಲೇ. ಒಂದು ಮಧ್ಯಾಹ್ನ ಟ್ಯಾಂಕರ್ ಬಂತು. ಡ್ರೈವರ್ ಹಾರನ್ ಹೊಡೆದ. ಮೊದಲ ಗೂಟದಲ್ಲಿದ್ದದ್ದು ಯಂಕಟಮ್ಮನ ಹಸು. ಅವಳು ಎದ್ದು ಅದರ ಕೊರಳು ಹಿಡಿದು ನಿಂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಗಾಡಿ ಹಿಂದಕ್ಕೆ ಹೋಯಿತು, ಮತ್ತೆ ಬರಲಿಲ್ಲ.

ಗುಂಡಿಗೂ ಹಳ್ಳಕ್ಕೂ ನಡುವೆ ಏರಿ ಕಟ್ಟಿದರು, ಹೊಳೆಗೆ ಸುಣ್ಣ ಸುರಿದರು. ಹಿಂಗಾರಿನ ಮಳೆಗೆ ಮಡು ಮತ್ತೆ ಕೆಂಪಗೆ ತುಂಬಿತು. ಕೊಳಕು ನೀರು ಕಂಡು ಅಷ್ಟು ಖುಷಿಪಟ್ಟ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ವಾರ ಮುನಿಸ್ವಾಮಪ್ಪನವರ ಹಸು ಕರು ಹಾಕಿ, ಗಿಣ್ಣು ಮುಗಿದಿತ್ತು. ಅವರು ಚೊಂಬು ಹಿಡಿದು ಬಂದು ಯಂಕಟಮ್ಮನ ಮುಂದೆ ನಿಂತರು.

"ನೀನೇ ಬುಡಮ್ಮ," ಎಂದರು.

ಅವಳು ಚೊಂಬು ಬಗ್ಗಿಸಿದಳು. ಹಾಲು ಕೆಂಪು ನೀರಿಗೆ ಬಿತ್ತು, ಬೆಳ್ಳಗೆ ಹರಡಿತು, ಕರಗಿತು. ಆಮೇಲೆ ಅವಳು ಅಲ್ಲೇ ಕುಳಿತು ಅತ್ತಳು.

ಗುಂಡಿ ಇನ್ನೂ ಇದೆ. ಏರಿಯ ಆಚೆ ತುಂಬಿಕೊಂಡೇ ಇದೆಯಂತೆ. ಈಗ ಊರಲ್ಲಿ ಮಳೆ ಬಂದ ಮರುದಿನ ಒಬ್ಬರಲ್ಲ ಒಬ್ಬರು ಮಡುವಿಗೆ ಹಾಲು ಬಿಟ್ಟು ನೋಡುತ್ತಾರೆ. ನನಗೂ ಒಂದು ಅಭ್ಯಾಸ ಉಳಿದಿದೆ. ಎಲ್ಲಿಗೇ ಹೋದರೂ, ಎಷ್ಟು ತಿಳಿಯಾದ ನೀರು ನೋಡಿ ಎಂದು ಯಾರಾದರೂ ತೋರಿಸಿದರೆ, ನಾನು ನೀರು ನೋಡುವುದಿಲ್ಲ. ದಡದಲ್ಲಿ ಹೆಜ್ಜೆ ಗುರುತು ಹುಡುಕುತ್ತೇನೆ, ಅವು ನೀರಿಗೆ ಇಳಿದಿವೆಯೋ, ಹಿಂದಕ್ಕೆ ತಿರುಗಿವೆಯೋ ಎಂದು.